ಪಕ್ಕದ ಮೇಜಿನ ಕಂಪ್ಯೂಟರ್ ಕಾಣುತ್ತಿಲ್ಲವೇ?

ಸಣ್ಣ ಕಚೇರಿಯೊಂದರಲ್ಲಿ ಐದು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಲಾಗಿದೆ ಎಂದುಕೊಳ್ಳಿ. ‘ನೆಟ್‌ವರ್ಕ್’ ಕಿಟಕಿ ತೆರೆದರೆ ಪಕ್ಕದ ಮೇಜಿನ ಕಂಪ್ಯೂಟರ್ ಪಟ್ಟಿಯಲ್ಲೇ ಇಲ್ಲ! ಆಗ ಅನೇಕರು ಮಾಡುವುದೇನು? ಸಿಕ್ಕಸಿಕ್ಕಲ್ಲಿ ಒತ್ತಿ ನೋಡಿ, ಕೊನೆಗೆ ಫೈರ್‌ವಾಲನ್ನೇ ಆರಿಸಿಬಿಡುತ್ತಾರೆ. ಚಿಲಕ ಬಿಗಿಯಾಯಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಇದು. ಅದರ ಬದಲು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲನ್ನು ಪರೀಕ್ಷಿಸುತ್ತ ಬನ್ನಿ.

ಮೊದಲನೆಯದು ತಂತಿ. ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಪುಟ್ಟ ದೀಪ ಉರಿಯುತ್ತಿದೆಯೇ? ವೈ-ಫೈ ಆದರೆ ಎರಡೂ ಯಂತ್ರಗಳು ಒಂದೇ ಜಾಲದಲ್ಲಿವೆಯೇ? ಅತಿಥಿಗಳಿಗೆಂದೇ ಇಟ್ಟ ‘ಗೆಸ್ಟ್’ ಜಾಲಕ್ಕೆ ಸಾಮಾನ್ಯವಾಗಿ ಬೇಲಿ ಹಾಕಿರುತ್ತಾರೆ.

ಎರಡನೆಯದು ವಿಳಾಸ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಎಂದು ಟೈಪ್ ಮಾಡಿದರೆ ಯಂತ್ರದ ಐಪಿ ವಿಳಾಸ ತಿಳಿಯುತ್ತದೆ. ಸಣ್ಣ ಕಚೇರಿಯಲ್ಲಿ ಸಾಮಾನ್ಯವಾಗಿ ಅದರ ಮೊದಲ ಮೂರು ಸಂಖ್ಯೆಗಳು ಎಲ್ಲ ಯಂತ್ರಗಳಿಗೂ ಒಂದೇ ಆಗಿರುತ್ತವೆ. ಒಂದರದು 192.168.0, ಇನ್ನೊಂದರದು 192.168.1 ಎಂದಿದ್ದರೆ ಅವು ಬೇರೆ ಬೇರೆ ಬೀದಿಯವು. ವಿಳಾಸ 169.254 ಎಂದು ಆರಂಭವಾದರೆ, ರೌಟರ್‌ನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಮೂರನೆಯದು ‘ಪಿಂಗ್’. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂಗೆ ಜಲಾಂತರ್ಗಾಮಿಗಳ ಸೋನಾರ್ ಸದ್ದಿನ ಹೆಸರಿದೆ. ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾಯುವುದು ಇದರ ಕೆಲಸ. ಉತ್ತರ ಬಂದರೆ ದಾರಿ ಸರಿಯಿದೆ. ಬಾರದಿದ್ದರೆ ದಾರಿಯೇ ಕೆಟ್ಟಿದೆ ಎನ್ನುವಂತಿಲ್ಲ. ಆ ಕಡೆಯ ಫೈರ್‌ವಾಲ್ ಕೂಗನ್ನು ತಡೆದಿರಬಹುದು.

ನಾಲ್ಕನೆಯದು ಪರಿಚಯ. ಜಾಲ ‘ಪಬ್ಲಿಕ್’ ಎಂದಿದ್ದರೆ ವಿಂಡೋಸ್ ತನ್ನನ್ನು ಮರೆಮಾಡಿಕೊಳ್ಳುತ್ತದೆ. ನಂಬಿಕೆಯ ಕಚೇರಿ ಅಥವಾ ಮನೆಯ ಜಾಲವಾದರೆ ಮಾತ್ರ ಅದನ್ನು ‘ಪ್ರೈವೇಟ್’ ಮಾಡಿ, ‘ನೆಟ್‌ವರ್ಕ್ ಡಿಸ್ಕವರಿ’ಯನ್ನು ಚಾಲೂ ಮಾಡಿ. ಆಗಲೂ ಪಟ್ಟಿಯಲ್ಲಿ ಕಾಣದಿದ್ದರೆ ವಿಳಾಸಪಟ್ಟಿಯಲ್ಲಿ ಎರಡು ಹಿಂಗೆರೆ ಹಾಕಿ ಆ ಕಂಪ್ಯೂಟರಿನ ಹೆಸರನ್ನು ನೇರವಾಗಿ ಟೈಪ್ ಮಾಡಿ. ಎಷ್ಟೋ ಸಲ ಬಾಗಿಲು ತೆರೆಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಮನುಷ್ಯ ಊರಲ್ಲೇ ಇಲ್ಲವೆನ್ನಲಾದೀತೇ?

ಇಲ್ಲೊಂದು ಎಚ್ಚರಿಕೆ. ಹಳೆಯ ವಿಂಡೋಸ್‌ಗಳು ಈ ಪಟ್ಟಿಗಾಗಿ ‘ಎಸ್‌ಎಂಬಿ 1’ ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿದ್ದವು. ‘ಅದನ್ನು ಮತ್ತೆ ಚಾಲೂ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆ ನಿಮಗೂ ಸಿಗಬಹುದು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಯಂತ್ರದಿಂದ ಯಂತ್ರಕ್ಕೆ ಹರಡಿದ್ದು ಇದರಲ್ಲಿದ್ದ ದೋಷದಿಂದಲೇ. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳ ತಪಾಸಣೆಯನ್ನು ಮುಂದೂಡಬೇಕಾಯಿತು. ದೋಷ ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ‘ಎಸ್‌ಎಂಬಿ 1’ ತಾನಾಗಿ ಸ್ಥಾಪನೆಯಾಗುವುದು ನಿಂತಿತು.

ವಿದ್ಯಾರ್ಥಿಗಳೇ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ, ಫಲ ಕಾಣದಿದ್ದರೆ ಮೊದಲಿನಂತೆ ಇರಿಸಿ. ಹೆತ್ತವರೇ, ಮಗಳೋ ಮಗನೋ ಹೀಗೆ ನಿಧಾನವಾಗಿ ಹುಡುಕುತ್ತ ಕುಳಿತಿದ್ದರೆ ಅವಸರಪಡಿಸಬೇಡಿ. ಕಲಿಕೆ ನಡೆಯುತ್ತಿರುವುದು ಆ ನಿಧಾನದಲ್ಲೇ.