ಕಂಪು ಮತ್ತು ಕಾವಲು

ಹುಕ್ಕೇರಿಯ ಹೆಸರಿಗೆ ‘ಹೂವಿನ ಕೇರಿ’ ಎಂಬುದೇ ಮೂಲವೆಂದು ಆ ಊರಿನವರು ಅಭಿಮಾನದಿಂದ ಹೇಳುತ್ತಾರೆ. ಆದಿಲಶಾಹಿಯ ಕಾಲದಲ್ಲಿ ಅಲ್ಲಿಯ ಗುಲಾಬಿ ವಿಜಾಪುರದ ಅರಮನೆಗೆ ಹೋಗುತ್ತಿದ್ದಿತೆಂಬ ಮಾತೂ ಉಂಟು. ವ್ಯುತ್ಪತ್ತಿಯ ದೃಷ್ಟಿಯಿಂದ ಇದನ್ನು ಒಪ್ಪಬೇಕೋ ಬಿಡಬೇಕೋ ಎಂಬ ಚರ್ಚೆಗೆ ನಾನಿಲ್ಲಿ ಕೈಹಾಕುವುದಿಲ್ಲ. ಘಟಪ್ರಭೆಯ ಈ ಸೀಮೆಯಂತೂ ಕಂಪಿಗೆ ಬಡವಾದುದಲ್ಲ. ಮಾಘ-ಫಾಲ್ಗುಣದಲ್ಲಿ ಮೂಡಲಗಿಯ ಕಡೆ ಅರಿಷಿಣ ಕುದಿಸುವ ದಿನಗಳಲ್ಲಿ ಹೊಲದ ದಾರಿ ಹಿಡಿದವನಿಗೆ ಹಬೆಯ ಘಮಟು ದೂರದಿಂದಲೇ ತಟ್ಟುತ್ತದೆ. ಗೋಕಾಕದ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಯೆಂದರೆ ಕೆಂಡದ ಮೇಲೆ ಉದುರಿಸಿದ ಅಜವಾನದ ಹೊಗೆ. ಹಿತ್ತಲಿನಲ್ಲಿ ತುಳಸಿ ಇದ್ದೇ ಇರುತ್ತದೆ. ಅದರ ಮಗ್ಗುಲಲ್ಲಿ ದೊಡ್ಡಪತ್ರೆ.

ಈ ಕಂಪುಗಳಿಗೆ ಕೆಲವು ವರ್ಷಗಳಿಂದ ಹೊಸದೊಂದು ಬಿರುದು ಬಂದಿದೆ. 2020ರ ಮಹಾಮಾರಿಯ ಅನಂತರ ಕಷಾಯ, ಎಣ್ಣೆ, ಊದುಬತ್ತಿಗಳ ಮೇಲೂ ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂದು ಅಚ್ಚುಹಾಕುವ ರೂಢಿ ಬೆಳೆಯಿತು. ವೈದ್ಯನಲ್ಲದ ನಾನು ಈ ವಿಷಯದಲ್ಲಿ ಬಾಯಿ ತೆರೆಯುವುದಕ್ಕೆ ಕಾರಣ ಈ ಮಾತಿನಲ್ಲಿರುವ ‘ಶಕ್ತಿ’ ಎಂಬ ಒಂದು ಶಬ್ದ. ಶಕ್ತಿಯೆಂದ ಕೂಡಲೇ ನಮ್ಮ ಮನಸ್ಸು ಅದು ಹೆಚ್ಚಿದಷ್ಟೂ ಮೇಲು ಎಂದು ತೀರ್ಮಾನಿಸಿಬಿಡುತ್ತದೆ. ಉಬ್ಬಸದಿಂದ ಬಳಲುವವನ ಕಷ್ಟವಾದರೋ ಶಕ್ತಿ ಸಾಲದುದರಿಂದ ಬಂದುದಲ್ಲ. ಅವನ ದೇಹದ ಕಾವಲು ಕಳ್ಳನಲ್ಲದವನನ್ನು ಕಂಡು ಕೋಲೆತ್ತಿದುದರಿಂದ ಬಂದುದು. ಹೂವಿನ ಪರಾಗ, ಹತ್ತಿಯ ದೂಳು, ಒಂದು ತುತ್ತು ಶೇಂಗಾ, ಇವು ಶತ್ರುಗಳಲ್ಲ. ಕೀಲುಗಳ ಉರಿಯೂತದ ಕೆಲವು ರೋಗಗಳಲ್ಲಿ ಕಾವಲುಗಾರನು ಮನೆಯವರನ್ನೇ ಬಡಿಯುತ್ತಾನೆ. ಅಂಥವನ ಕೈಗೆ ಇನ್ನೊಂದು ಕೋಲು ಕೊಡುವುದು ಯಾವ ಚಿಕಿತ್ಸೆ?

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕ್ ಧಾತುಗಳಿಂದ ಕಟ್ಟಿದನು. ನಮ್ಮ ಜನ ಅದಕ್ಕೂ ಮೊದಲೇ ‘ಬದನೆಕಾಯಿ ನನಗೆ ಒಗ್ಗುವುದಿಲ್ಲ’ ಎನ್ನುತ್ತಿದ್ದರು. ಒಗ್ಗುವುದು, ಒಗ್ಗದಿರುವುದು: ಇಲ್ಲಿ ಬಲದ ಮಾತಿಲ್ಲ, ಹೊಂದಿಕೆಯ ಮಾತಿದೆ. ಪಾರಿಭಾಷಿಕ ಪದಗಳನ್ನು ಟಂಕಿಸುವವರು ಈ ಆಡುಮಾತಿನ ಕಡೆ ಒಮ್ಮೆ ತಿರುಗಿ ನೋಡಿದ್ದರೆ ಲೇಸಾಗುತ್ತಿತ್ತು. 2025ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವು ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಜಪಾನಿನ ಶಿಮೋನ್ ಸಕಗುಚಿ ಅವರಿಗೆ ಸಂದುದೂ ಇದೇ ಬಗೆಯ ಅರಿವಿಗೆ. ಕಾವಲಿನ ಕೋಶಗಳನ್ನು ಅಂಕೆಯಲ್ಲಿಡುವುದಕ್ಕೆಂದೇ ರಕ್ತದಲ್ಲಿ ಬೇರೊಂದು ವರ್ಗದ ಕೋಶಗಳಿವೆಯೆಂದು ಅವರ ಸಂಶೋಧನೆಗಳು ತೋರಿಸಿದವು. ಆರೋಗ್ಯವೆಂಬುದು ಕಾವಲಿನ ಉಗ್ರತೆಯಲ್ಲಿ ಎಷ್ಟಿದೆಯೋ ಅದರ ಸಂಯಮದಲ್ಲಿಯೂ ಅಷ್ಟೇ ಇದೆ.

ಹಾಗಾದರೆ ಸಸ್ಯದ ಕಂಪು ಈ ಕೋಪವನ್ನು ಇಳಿಸಬಲ್ಲುದೆ? ಈ ಪ್ರಶ್ನೆಯನ್ನು ನಮ್ಮ ಅಜ್ಜಿಯಂದಿರು ತಮ್ಮದೇ ರೀತಿಯಲ್ಲಿ ಕೇಳಿ ಉತ್ತರವನ್ನೂ ಕಂಡುಕೊಂಡಿದ್ದರು. ಮಗುವಿನ ಮೈಮೇಲೆ ಪಿತ್ತದ ಗಂಧೆ ಎದ್ದರೆ ದೊಡ್ಡಪತ್ರೆಯ ಎಲೆಯನ್ನು ಹಿಸುಕಿ ತಿಕ್ಕುವುದು ಕನ್ನಡ ನಾಡಿನ ಅನೇಕ ಮನೆಗಳ ಪದ್ಧತಿ. ಹೆಸರು ಪಿತ್ತದ್ದಾದರೂ ಗಂಧೆಯು ಚರ್ಮದೊಳಗಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಒಮ್ಮೆಲೇ ಹೊರಚೆಲ್ಲುವುದರಿಂದ ಏಳತಕ್ಕದ್ದು. ದೊಡ್ಡಪತ್ರೆಯನ್ನು ಹಿಸುಕಿದಾಗ ಅಜವಾನದ ವಾಸನೆ ಬರುವುದು ಆಕಸ್ಮಿಕವಲ್ಲ. ಥೈಮಾಲ್, ಕಾರ್ವಕ್ರಾಲ್ ಎಂಬ ಸೋದರ ಸುಗಂಧಗಳು ಆ ಕುಲದ ಆಸ್ತಿ. ಅವು ಉರಿಯೂತವನ್ನು ತಗ್ಗಿಸುವುದು ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಕಂಡುಬಂದಿದೆ. ಅಂದ ಮಾತ್ರಕ್ಕೆ ಅಜ್ಜಿಯ ವಾದ ಗೆದ್ದಂತಾಗಲಿಲ್ಲ. ಗಂಧೆಯ ಒಂದೊಂದು ದದ್ದೂ ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿಯೇ ಅಡಗಿಹೋಗುತ್ತದೆ. ತಾನಾಗಿ ಅಡಗುವ ರೋಗಕ್ಕೆ ಯಾವ ಎಲೆಯಾದರೂ ದಿವ್ಯೌಷಧಿಯೇ.

ಆದ್ದರಿಂದ ತೂಗಿ ನೋಡಿದವರ ಮಾತು ನಮಗೆ ಬೇಕು. ಮೆಣಸು, ಲವಂಗಗಳ ಕಂಪಿನಲ್ಲಿ ಕ್ಯಾರಿಯೋಫಿಲಿನ್ ಎಂಬುದೊಂದು ಅಂಶವಿದೆ. ಕಾವಲಿನ ಕೋಶಗಳ ಮೇಲಿರುವ ಒಂದು ಗ್ರಾಹಕಕ್ಕೆ ಅದು ಬೀಗಕ್ಕೆ ಕೀಲಿಯಂತೆ ಕೂಡುತ್ತದೆಂದು 2008ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದರು. ಅದನ್ನು ತಿನ್ನಿಸಿದ ಇಲಿಗಳ ಪಾದದ ಬಾವು ಇಳಿಯಿತು. ಹುಟ್ಟಿನಿಂದಲೇ ಆ ಗ್ರಾಹಕವಿಲ್ಲದ ಇಲಿಗಳಲ್ಲಿ ಇಳಿಯಲಿಲ್ಲ. ಈ ಎರಡನೆಯ ವಾಕ್ಯವೇ ನನಗೆ ಮೆಚ್ಚಾದುದು. ವಿಜ್ಞಾನದ ನಿಷ್ಠೆಯೆಲ್ಲ ಅದರಲ್ಲಿ ಅಡಗಿದೆ. ಮನುಷ್ಯರ ಮೇಲಿನ ಪರೀಕ್ಷೆಯೂ ಒಂದುಂಟು. ನೀಲಗಿರಿ ಎಣ್ಣೆಯ ಕಂಪಿಗೆ ಕಾರಣವಾದ ಸಿನಿಯೋಲ್ ಎಂಬುದನ್ನು ಜರ್ಮನಿಯಲ್ಲಿ ಸ್ಟಿರಾಯ್ಡ್ ಗುಳಿಗೆಯನ್ನು ಬಿಡಲಾಗದಿದ್ದ 32 ಮಂದಿ ಉಬ್ಬಸದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕೊಡಲಾಯಿತು, ಉಳಿದವರಿಗೆ ಸತ್ವವಿಲ್ಲದ ಗುಳಿಗೆ. 12 ವಾರಗಳ ತರುವಾಯ ಮೊದಲಿನವರು ತಮ್ಮ ಸ್ಟಿರಾಯ್ಡನ್ನು ಸರಾಸರಿ ಶೇಕಡ 36ರಷ್ಟು ಇಳಿಸಿಕೊಂಡಿದ್ದರು, ಎರಡನೆಯವರು ಶೇಕಡ 7ರಷ್ಟು. ಫಲಿತಾಂಶ ಅಚ್ಚಾದುದು 2003ರಲ್ಲಿ. ಸಣ್ಣ ಪರೀಕ್ಷೆಯೇ ನಿಜ. ಆದರೂ ಕಂಪನ್ನು ಕಟ್ಟುಕಥೆಯೆಂದು ತಳ್ಳಿಹಾಕುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಹಾಗೆಯೇ ಕಂಪನ್ನು ಕೊಂಡಾಡುವವರೂ ಒಂದು ಮಾತನ್ನು ಗಮನಿಸಬೇಕು. ಆ ರೋಗಿಗಳು ಕರವಸ್ತ್ರಕ್ಕೆ ಎಣ್ಣೆ ಹನಿಸಿಕೊಂಡು ಮೂಸಿದವರಲ್ಲ. ದಿನಕ್ಕೆ ಮೂರು ಸಲ 200 ಮಿಲಿಗ್ರಾಮಿನಂತೆ, ಅಳೆದ ಕ್ಯಾಪ್ಸೂಲನ್ನು ವೈದ್ಯರ ಕಣ್ಣಮುಂದೆ ನುಂಗಿದವರು. ತಮ್ಮ ಹಳೆಯ ಔಷಧವನ್ನು ಅವರು ಬಿಟ್ಟಿರಲಿಲ್ಲ, ಮೆಲ್ಲಮೆಲ್ಲನೆ ಇಳಿಸಿದರು. ಅರಿಷಿಣದ ವಿಷಯದಲ್ಲಿಯೂ ಇಂಥದೇ ಗೊಂದಲ. ಜಾಹೀರಾತುಗಳು ಹೊಗಳುವ ಕರ್ಕ್ಯುಮಿನ್ ಅದರ ಬಣ್ಣ, ಕಂಪಲ್ಲ. ಮೂಡಲಗಿಯ ಹಬೆಯಲ್ಲಿ ಹಾರಿಬರುವುದು ಟರ್ಮರೋನ್ ಮೊದಲಾದ ತೈಲಾಂಶ. ಎರಡರ ಗುಣವನ್ನೂ ಕಲಸಿ ಒಂದೇ ಚೀಟಿ ಅಂಟಿಸುವುದು ವ್ಯಾಪಾರಕ್ಕೆ ಅನುಕೂಲ.

ಇಷ್ಟಕ್ಕೂ ಗಿಡ ಕಂಪನ್ನು ಪಡೆದುದು ನಮಗಾಗಿ ಅಲ್ಲ. ಕೀಟವನ್ನು ಅಟ್ಟುವುದಕ್ಕೆ, ದುಂಬಿಯನ್ನು ಕರೆಯುವುದಕ್ಕೆ. ಕೊತ್ತಂಬರಿ ಕಾಳಿನ ಮುಖ್ಯ ಸುಗಂಧವಾದ ಲಿನಲೂಲ್ ಪ್ರಾಣಿಗಳಲ್ಲಿ ಉರಿಯೂತವನ್ನು ಇಳಿಸಿದ್ದುಂಟು. ಗಾಳಿಗೆ ಬಿಟ್ಟಿಟ್ಟ ಲಿನಲೂಲ್ ಕೆಟ್ಟು ಚರ್ಮದ ಅಲರ್ಜಿಯನ್ನು ಹುಟ್ಟಿಸುವುದೂ ಉಂಟು. ಕರ್ಪೂರವು ಎಳೆಯ ಮಕ್ಕಳ ಹೊಟ್ಟೆಗೆ ಹೋದರೆ ಅಪಸ್ಮಾರದಂಥ ಸೆಳವು ತರುವ ವಿಷ. 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ಇಂದು ನಮ್ಮ ಕಾಲುವೆಯ ದಂಡೆಗಳನ್ನೆಲ್ಲ ಹಿಡಿದಿರುವ ಕಾಂಗ್ರೆಸ್ ಕಸವೂ ಸುಗಂಧಗಳ ದೂರದ ನೆಂಟನಾದ ಪಾರ್ಥೆನಿನ್ ಎಂಬ ರಸದಿಂದಲೇ ರೈತರ ಮೈಗೆ ತುರಿಕಜ್ಜಿ ತರುತ್ತದೆ. ಬಾಣಂತಿಯ ಕೋಣೆಯ ಅಜವಾನ ಒಳ್ಳೆಯದಿರಬಹುದು. ಕೂಸಿನ ಎಳೆಯ ಪುಪ್ಪುಸಕ್ಕೆ ಹೊಗೆಯಂತೂ ಒಳ್ಳೆಯದಲ್ಲ.

ಇದೆಲ್ಲ ಬರಿಯ ಪಾಂಡಿತ್ಯದ ಚರ್ಚೆಯಾಗಿದ್ದರೆ ಸುಮ್ಮನಿರಬಹುದಾಗಿತ್ತು. ಕಬ್ಬು ನುರಿಸುವ ದಿನಗಳಲ್ಲಿ ತರಗತಿಯ ಕೊನೆಯ ಬಾಕಿನಿಂದ ಸಿಳ್ಳೆಯಂಥ ಉಸಿರು ಕೇಳಿಬರುತ್ತದೆ. ವಿಚಾರಿಸಿದರೆ, ವೈದ್ಯರು ಕೊಟ್ಟ ಪಂಪನ್ನು ಬಿಡಿಸಿದ್ದಾರೆ, ಅದು ‘ಚಟವಾಗುತ್ತದೆ’ಯಂತೆ. ಬದಲಿಗೆ ನೀಲಗಿರಿಯ ಹಬೆ ಮತ್ತು ‘ಶಕ್ತಿ’ಯ ಕಷಾಯ. ಪಂಪಿನ ಮದ್ದು ಚಟ ಹಿಡಿಸುವಂಥದಲ್ಲ. ಉಬ್ಬಸವನ್ನು ಅಲಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ. ಕಂಪನ್ನು ಔಷಧದ ಜೊತೆಗಾರನನ್ನಾಗಿ ಇಟ್ಟುಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಔಷಧವನ್ನು ಹೊರಗಟ್ಟಿ ಅದರ ಗದ್ದುಗೆಯ ಮೇಲೆ ಕಂಪನ್ನು ಕೂಡಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಜರ್ಮನಿಯ ಬಾಯಿ ನೋಡುತ್ತ ಕೂಡಬೇಕಾದ ಕಾರಣವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಬೆಳಗಾವಿಯಲ್ಲಿಯೇ ಇದೆ. ಗಂಧೆಯೆದ್ದ ಒಂದು ತೋಳಿಗೆ ದೊಡ್ಡಪತ್ರೆ, ಇನ್ನೊಂದು ತೋಳಿಗೆ ಕಂಪಿಲ್ಲದ ಯಾವುದಾದರೊಂದು ಎಲೆಯ ರಸ. ಯಾವುದರ ದದ್ದು ಮೊದಲು ಅಡಗುತ್ತದೆಂದು ಗಡಿಯಾರ ಹಿಡಿದು ನೋಡುವುದು ದುಬಾರಿಯ ಕೆಲಸವೇನೂ ಅಲ್ಲ. ಕನ್ನಡದ ವಿದ್ಯಾರ್ಥಿಗಳ ಪಾಲಿಗೂ ಇಲ್ಲಿ ಕೆಲಸವುಂಟು. ಗೋಕಾಕ, ಮೂಡಲಗಿ, ಹುಕ್ಕೇರಿಯ ಮುದುಕಿಯರು ಯಾವ ಎಲೆಯನ್ನು ಯಾವ ಬೇನೆಗೆ, ಎಷ್ಟು, ಎಷ್ಟು ದಿನ ಕೊಡುತ್ತಾರೆಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬರಬೇಕು. ಗುಣ ಕಾಣದೆ ಹೋದ ಸಂದರ್ಭಗಳನ್ನೂ ಬಿಡದೆ ಬರೆದುಕೊಳ್ಳಬೇಕು.