ಮೂರು ವಾರದ ನಂಟು

ಸೊಲ್ಲಾಪುರ ಮಗ್ಗಗಳ ಊರು. ಅಕ್ಕಲಕೋಟೆಯ ಕಡೆ ಜೋಳ, ತೊಗರಿ, ಕಬ್ಬು. ಎರಡೂ ಕಡೆ ದುಡಿಯುವ ಕೈಯೇ ಮನೆಯ ಆಸ್ತಿ. ಪವರ್‌ಲೂಮಿನ ಹಲ್ಲುಚಕ್ರಕ್ಕೋ ಕಬ್ಬಿನ ಗಾಣಕ್ಕೋ ಮೇವು ಕತ್ತರಿಸುವ ಕಡಬಾಕುಟ್ಟಿ ಮಶಿನ್ನಿಗೋ ಕೈ ಸಿಕ್ಕಿತೆಂದರೆ ಮೇಲ್ಬದಿಯ ಚರ್ಮ ಸುಲಿದುಹೋಗಿ ಬೆಳ್ಳಗಿನ ಸ್ನಾಯುರಜ್ಜು, ಕೆಲವೊಮ್ಮೆ ಎಲುಬೇ ಕಾಣುತ್ತದೆ. ತೊಡೆಯಿಂದ ತೆಳ್ಳಗೆ ತೆಗೆದ ಚರ್ಮವನ್ನು ಅಲ್ಲಿ ಹಚ್ಚಿದರೆ ಹಿಡಿಯುವುದಿಲ್ಲ. ಅದು ತಾನು ಕೂತ ಜಾಗದಿಂದಲೇ ನೆತ್ತರು ಪಡೆಯಬೇಕು. ಪೊರೆ ಕಳೆದುಕೊಂಡ ಎಲುಬು ಏನು ಕೊಟ್ಟೀತು? ಅಲ್ಲಿಗೆ ಬೇಕಾದದ್ದು ತನ್ನ ರಕ್ತನಾಳವನ್ನು ತಾನೇ ಜೊತೆಗೆ ತರುವ ಚರ್ಮ. ವೈದ್ಯರು ಅದನ್ನು ಫ್ಲ್ಯಾಪ್ ಎನ್ನುತ್ತಾರೆ.

ಈ ವಿದ್ಯೆಯನ್ನು ಯುರೋಪಿನ ಕಣ್ಣಿಗೆ ಬೀಳಿಸಿದ ಘಟನೆ ನಡೆದದ್ದು ಪುಣೆಯಲ್ಲಿ. ಇಂಗ್ಲಿಷ್ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠ 1792ರ ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹಾಸಿ, ಅಷ್ಟೇ ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿ ಕೂರಿಸಿದ. ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿದ. ಅದನ್ನು ಕಡಿಯುವುದು ಸುಮಾರು 25ನೆಯ ದಿನಕ್ಕೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಇದನ್ನು ಅಚ್ಚುಹಾಕಿತು. ನೋಡಿದ ಇಂಗ್ಲಿಷ್ ವೈದ್ಯರ ಹೆಸರು ಅದರಲ್ಲಿದೆ, ಮಾಡಿದವನ ಹೆಸರಿಲ್ಲ. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಜೀವವಿರುವುದು ಆ ಪಟ್ಟಿಯಲ್ಲೇ ಎಂಬುದನ್ನು ಅರಿತಿದ್ದವನು ಅವನು.

ಏಕೆ ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು. 1889ರಲ್ಲಿ ಜರ್ಮನ್ ವೈದ್ಯ ಕಾರ್ಲ್ ಮಾನ್‌ಖೋಟ್ ಚರ್ಮದ ಅಪಧಮನಿಗಳ ನಕ್ಷೆ ಬರೆದ. ಆದರೂ ಶಸ್ತ್ರವೈದ್ಯರು ಫ್ಲ್ಯಾಪಿನ ಬುಡ ಅಗಲವಿದ್ದಷ್ಟೂ ಉದ್ದ ಬದುಕುತ್ತದೆಂದು ಲೆಕ್ಕ ಹಾಕುತ್ತಲೇ ಇದ್ದರು. 1970ರಲ್ಲಿ ಸ್ಟುವರ್ಟ್ ಮಿಲ್ಟನ್ ಹಂದಿಗಳ ಮೇಲೆ ಪರೀಕ್ಷಿಸಿ ಆ ಲೆಕ್ಕ ತಪ್ಪೆಂದು ತೋರಿಸಿದರು. ಬದುವು ಎಷ್ಟು ಅಗಲವಾದರೇನು, ಕಾಲುವೆಯಲ್ಲಿ ನೀರಿಲ್ಲದ ಕಬ್ಬು ಒಣಗುವುದೇ. ಬುಡದಲ್ಲಿ ಯಾವ ನಾಳವಿದೆ ಎಂಬುದೇ ಮುಖ್ಯ. 1987ರಲ್ಲಿ ಟೇಲರ್ ಮತ್ತು ಪಾಮರ್ ಒಂದು ದೇಹದ ಚರ್ಮಕ್ಕೆ ಬರುವ ಪ್ರಮುಖ ನಾಳಗಳನ್ನು ಎಣಿಸಿದರು: ಸರಾಸರಿ 374.

ಸುಲಿದ ಕೈಗೆ ಇಂದಿಗೂ ನೆಚ್ಚಿನ ದಾರಿಯೊಂದನ್ನು 1972ರಲ್ಲಿ ಮೆಕ್‌ಗ್ರೆಗರ್ ಮತ್ತು ಜ್ಯಾಕ್ಸನ್ ತೋರಿಸಿಕೊಟ್ಟರು. ತೊಡೆಸಂದಿನಿಂದ ಸೊಂಟದ ಎಲುಬಿನ ಕಡೆಗೆ ಹರಿಯುವ ಸಣ್ಣ ನಾಳದ ಮೇಲಿನ ಚರ್ಮವನ್ನು ಎಬ್ಬಿಸಿ ಕೈಗೆ ಹೊಲಿಯುವುದು. ಕೈ ಸುಮಾರು ಮೂರು ವಾರ ತೊಡೆಸಂದಿಗೆ ಅಂಟಿಕೊಂಡೇ ಇರಬೇಕು. ಅಷ್ಟರಲ್ಲಿ ಕೈಯ ಕಡೆಯಿಂದ ಹೊಸ ನಾಳಗಳು ಬೆಳೆದು ಫ್ಲ್ಯಾಪನ್ನು ಸಾಕಲು ಶುರುಮಾಡುತ್ತವೆ. ಆಮೇಲೆ ಬುಡ ಕಡಿಯಬಹುದು. ಕೂದಲೆಳೆಯಂಥ ನಾಳಗಳನ್ನು ಸೂಕ್ಷ್ಮದರ್ಶಕದಡಿ ಜೋಡಿಸುವ ಸೌಲಭ್ಯ ಇಲ್ಲದ ಕಡೆಯೂ ಇದು ಆಗುತ್ತದೆ. ಬಡವರ ಕೈ ಉಳಿಸುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ.

ಮೊದಲ ಕೆಲವು ದಿನ ಸಿಸ್ಟರ್ ಬಂದು ಬಂದು ಫ್ಲ್ಯಾಪನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬೆಳ್ಳಗಾದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾದರೆ ಕ್ಷೇಮ. ಬಿಳಿಚಿ ತಣ್ಣಗಾದರೆ ನೆತ್ತರು ಬರುತ್ತಿಲ್ಲ. ನೀಲಿಗಟ್ಟಿ ಉಬ್ಬಿದರೆ ಬಂದದ್ದು ಹಿಂದಿರುಗುತ್ತಿಲ್ಲ. ಹೊಲಿಗೆ ಬಿಗಿದೋ ಬುಡ ತಿರುಚಿಯೋ ಹೀಗಾಗಬಹುದು. ಬೇಗ ಗೊತ್ತಾದರೆ ಸರಿಪಡಿಸಬಹುದು, ತಡವಾದರೆ ಕಪ್ಪಾಗಿ ಕೊಳೆಯುತ್ತದೆ.

ಇನ್ನೊಂದು ಶತ್ರು ತಂಬಾಕು. ನಿಕೋಟಿನ್ ಚರ್ಮದ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ. ಬೀಡಿ, ಗುಟ್ಕಾ, ಹಲ್ಲಿಗೆ ತಿಕ್ಕುವ ಮಿಶ್ರಿ, ಯಾವುದೂ ಇದಕ್ಕೆ ಹೊರತಲ್ಲ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾದವರು ಬಹಳ. ವಾರ್ಡಿನಲ್ಲಿ ಮರಾಠಿಯಲ್ಲಿ ಹೇಳಿದ ಸೂಚನೆ ಮಂಚದ ಪಕ್ಕ ಕೂತ ಅಜ್ಜಿಗೆ ಅರ್ಥವಾಯಿತೇ ಎಂದು ವೈದ್ಯರು ಕೇಳಲಿ, ಆಗದಿದ್ದರೆ ಕನ್ನಡದಲ್ಲಿ ಹೇಳಿಸಲಿ. ಮನೆಯವರೇ, ನೀವೂ ಆ ಮೂರು ವಾರ ರೋಗಿಯ ಕೈಗೆ ತಂಬಾಕು ಕೊಡಬೇಡಿ. ಫ್ಲ್ಯಾಪಿನ ಬಣ್ಣ ಬದಲಾದರೆ ಬೆಳಗಾಗಲಿ ಎಂದು ಕಾಯದೆ ನಡುರಾತ್ರಿಯಾದರೂ ಸಿಸ್ಟರನ್ನು ಕರೆಯಿರಿ.