ಗೋಡೆಯ ಮೇಲಿನ ಹಲ್ಲಿ

ಸಂಜೆಯ ದೀಪ ಹೊತ್ತಿದೆ. ಅಡಿಗೆಮನೆಯ ಗೋಡೆಯ ಮೇಲೆ ಒಂದು ಹಲ್ಲಿ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಗೃಹಿಣಿ ಹೊಸ್ತಿಲು ದಾಟಲಾರಳು. ಮಕ್ಕಳು ನಗುತ್ತಾರೆ. “ಅಷ್ಟು ಸಣ್ಣ ಪ್ರಾಣಿ ನಿನ್ನನ್ನೇನು ನುಂಗೀತೆ?” ಎಂದು ಯಜಮಾನರು ಗದರುತ್ತಾರೆ. ನುಂಗದೆಂಬುದು ಆಕೆಗೂ ಗೊತ್ತು. ಗೊತ್ತಿದ್ದೂ ಅಂಜುವ ನಾಚಿಕೆ ಆಕೆಗೆ ಎರಡನೆಯ ಸಂಕಟ.

ಭಯವೆಲ್ಲ ರೋಗವಲ್ಲ. ಹಾವನ್ನು ಕಂಡು ಹಿಂದೆ ಸರಿದವನು ಬದುಕಿಕೊಳ್ಳುತ್ತಾನೆ. ಆದರೆ ಅಂಜಿಕೆ ಅಪಾಯದ ಅಳತೆಯನ್ನು ಮೀರಿ, ತಿಂಗಳುಗಟ್ಟಲೆ ಉಳಿದು, ದಿನದ ಬಾಳಿಗೆ ಅಡ್ಡಬಂದರೆ ವೈದ್ಯರು ಅದನ್ನು ಫೋಬಿಯಾ ಎನ್ನುತ್ತಾರೆ. ಎದೆ ಹೊಡೆದುಕೊಂಡು ಅಂಗೈ ಬೆವರುತ್ತದೆ. “ಈಗ ಮೈಮೇಲೆ ಬಿದ್ದೇಬಿಡುತ್ತದೆ” ಎಂದು ಮನಸ್ಸು ಆಗದುದನ್ನು ಚಿತ್ರಿಸುತ್ತದೆ. ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಹೀಗೆ ಹಿಂದೆ ಸರಿಯುವುದರಲ್ಲಿಯೇ ರೋಗದ ಬೇರಿದೆ. ಹೊರಗೆ ಬಂದೊಡನೆ ಎದೆ ಹಗುರಾಗುತ್ತದೆ. ಓಡಿಬಂದುದರಿಂದಲೇ ಉಳಿದೆನೆಂದು ಮನಸ್ಸು ನಂಬುತ್ತದೆ. ನಿಂತಿದ್ದರೂ ಏನೂ ಆಗುತ್ತಿರಲಿಲ್ಲವೆಂದು ತಿಳಿಯುವ ಅವಕಾಶವೇ ಅದಕ್ಕೆ ದೊರೆಯದು. ಹಗ್ಗವನ್ನು ಹಾವೆಂದು ಬಗೆದವನು ದೀಪ ತರುವ ಮೊದಲೇ ಓಡಿದರೆ, ಅವನ ಪಾಲಿಗೆ ಅದು ಎಂದೆಂದಿಗೂ ಹಾವೇ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಅವರು 1924ರಲ್ಲಿ, ಮೊಲಕ್ಕೆ ಅಂಜುತ್ತಿದ್ದ ಪೀಟರ್ ಎಂಬ ಪುಟ್ಟ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಮೊದಲು ಅವನನ್ನು ಅಂಜದ ಮಕ್ಕಳೊಡನೆ ಆಡಲು ಬಿಟ್ಟರು, ಗುಣ ಕಂಡಿತು. ನಡುವೆ ಜ್ವರದಿಂದ ಆಸ್ಪತ್ರೆ ಸೇರಿದ್ದ ಮಗು, ಹಿಂದಿರುಗುವಾಗ ದೊಡ್ಡ ನಾಯಿಯೊಂದಕ್ಕೆ ಬೆದರಿ ಮತ್ತೆ ಮೊದಲಿನಂತಾಯಿತು. ಆಕೆ ಪುನಃ ಆರಂಭಿಸಿದರು. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುದ್ದಾಡಿದ. ಇಂದಿನ ಚಿಕಿತ್ಸೆಯ ತಿರುಳೂ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದೇ.

ಆದ್ದರಿಂದ ಮನೆಯವರು ನಗಬಾರದು. ಧೈರ್ಯ ಬರಲೆಂದು ಹಲ್ಲಿಯನ್ನು ಮೈಮೇಲೆ ಎಸೆಯುವ ಕ್ರೌರ್ಯವಂತೂ ಸಲ್ಲದು. ಪ್ರತಿ ಸಲವೂ ಹಲ್ಲಿಯನ್ನು ಓಡಿಸಿಕೊಡುವ ದಯೆಯೂ ಭಯಕ್ಕೆ ಮೇವಾಗುತ್ತದೆ. ಆಕೆ ಒಪ್ಪಿದರೆ ಇಂದು ಹೊಸ್ತಿಲ ಬಳಿ, ಎದೆಬಡಿತ ಇಳಿಯುವ ತನಕ ಜೊತೆಗೆ ನಿಲ್ಲಿ. ನಾಳೆ ಒಂದು ಹೆಜ್ಜೆ ಒಳಗೆ. ಅಷ್ಟಕ್ಕೂ ಆಗದಿದ್ದರೆ ಮನೋವೈದ್ಯರನ್ನು ಕಾಣಿರಿ. ಹಲ್ಲುನೋವಿಗೆ ವೈದ್ಯರಲ್ಲಿಗೆ ಹೋಗಲು ನಾವು ನಾಚುವುದಿಲ್ಲವಷ್ಟೆ?

ಹಲ್ಲಿ ಗೋಡೆಯ ಮೇಲೆ ಇದ್ದೇ ಇರುತ್ತದೆ. ಸಾರು ಉಕ್ಕುವ ಮೊದಲು ಆಕೆ ಒಳಗೆ ಹೋಗಿ ಒಲೆ ಆರಿಸುವಂತಾದರೆ ಸಾಕು.